ಬೆಂಗಳೂರು–ಸಿಂಗಾಪುರ: ಕಿಲೋಮೀಟರ್ ಅಷ್ಟೇ, ಗಂಟೆ ಮಾತ್ರ ಬೇರೆ

ತಂಗಿ ಸಿಂಗಾಪುರದಲ್ಲಿದ್ದಾಳೆ. ಎರಡು ವರ್ಷದಲ್ಲಿ ಮೂರು ಸಲ ಹೋಗಿಬಂದೆ, ಮೂರೂ ಸಲ ಬೇರೆ ಬೇರೆ ದಾರಿ. ಟಿಕೆಟ್ ಹುಡುಕುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 3,180 ಕಿ.ಮೀ. ಮಲೇಷ್ಯಾದ ಕ್ವಾಲಾಲಂಪುರದ ಮೇಲೆ ಹೋದರೆ ಅಲ್ಲಿಯವರೆಗೆ 2,890, ಅಲ್ಲಿಂದ ಮುಂದೆ ಇನ್ನೊಂದು 300, ಅಷ್ಟೇ. ಆ ಊರು ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ. ಈ ಲೆಕ್ಕ ನೋಡಿಯೇ ಮೊದಲ ಸಲ ಅಮ್ಮನನ್ನು ಆ ದಾರಿಯಲ್ಲಿ ಕರೆದುಕೊಂಡು ಹೋದೆ. ಟಿಕೆಟ್ಟೂ ಅಗ್ಗವಿತ್ತು.

ಆದರೆ ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದೆ. ಹಾಗೆ ಮಾಡಿದರೆ ಲಗೇಜ್ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಇಮಿಗ್ರೇಶನ್ ದಾಟಿ, ಬೆಲ್ಟಿನಿಂದ ಪೆಟ್ಟಿಗೆ ಎತ್ತಿಕೊಂಡು, ಮತ್ತೆ ಚೆಕ್-ಇನ್ ಸಾಲಿನಲ್ಲಿ ನಿಲ್ಲಬೇಕು. 2023ರ ಡಿಸೆಂಬರ್‌ನಿಂದ ಮಲೇಷ್ಯಾ ನಮಗೆ ವೀಸಾ ಕೇಳುತ್ತಿಲ್ಲ, ಅದರಿಂದ ಬಚಾವಾದೆವು. ಮುಂದಿನ ವಿಮಾನಕ್ಕೆ ಐದು ಗಂಟೆ ಕಾಯಬೇಕಿತ್ತು, ಅದೂ ತಡವಾಯಿತು. ಅಮ್ಮ ಟ್ರಾಲಿಯ ಅಂಚಿನಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. ಕೈಯಲ್ಲಿದ್ದ ಎಚ್‌ಎಂಟಿ ವಾಚು ಇನ್ನೂ ಊರಿನ ಟೈಮನ್ನೇ ತೋರಿಸುತ್ತಿತ್ತು. "ಇನ್ನೂ ಎಷ್ಟೊತ್ತೋ?" ಅಂತ ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಮಲ್ಲೇಶ್ವರದ ಮನೆ ಬಿಟ್ಟು ತಂಗಿಯ ಮನೆ ಸೇರುವಷ್ಟರಲ್ಲಿ 17 ಗಂಟೆ.

ಎರಡನೇ ಸಲ ನೇರ ವಿಮಾನ. ಹಾರುವ ಹೊತ್ತು ನಾಲ್ಕೂವರೆ ಗಂಟೆ. ರಾತ್ರಿ 11ಕ್ಕೆ ಹೊರಟರೆ ಅಲ್ಲಿ ಇಳಿದಾಗ ಬೆಳಿಗ್ಗೆ 6. ಟಿಕೆಟ್ ನೋಡಿ ಏಳು ಗಂಟೆ ಅಂದುಕೊಳ್ಳಬೇಡಿ, ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ವಾಪಸ್ ಬರುವಾಗ ಇದೇ ಲೆಕ್ಕ ಉಲ್ಟಾ, ಬರೀ ಎರಡು ಗಂಟೆ ಚಿಲ್ಲರೆಯ ಪ್ರಯಾಣದಂತೆ ಕಾಣುತ್ತದೆ. ದೇವನಹಳ್ಳಿಗೆ ಹೋಗುವ ಬಸ್ಸು, ಮೂರು ಗಂಟೆ ಮುಂಚೆ ತಲುಪುವುದು, ಎಲ್ಲ ಸೇರಿಸಿದರೂ ಮನೆಯಿಂದ ಮನೆಗೆ ಸುಮಾರು 10 ಗಂಟೆ. ಟಿಕೆಟ್ಟಿಗೆ ಜಾಸ್ತಿ ಕೊಟ್ಟಿದ್ದು ನನಗೆ ಒಂಚೂರೂ ಬೇಜಾರಾಗಲಿಲ್ಲ. ಅಮ್ಮ ಇಳಿದ ದಿನವೇ ಮೊಮ್ಮಗನ ಜೊತೆ ಪಾರ್ಕಿಗೆ ಹೋದರು. ವಯಸ್ಸಾದವರು ಜೊತೆಗಿದ್ದರೆ ಬೇರೆ ದಾರಿ ನೋಡಲೇಬೇಡಿ. ಒಬ್ಬರೇ ಹೋಗುವುದಾದರೆ ಕ್ವಾಲಾಲಂಪುರವೂ ಸರಿ, ಆದರೆ ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ.

ಮೂರನೆಯದು ಚೆನ್ನೈ. ಒಬ್ಬನೇ ಇದ್ದೆ. ಬೆಳಿಗ್ಗೆ ಶತಾಬ್ದಿ ಹತ್ತಿದೆ. ರೈಲಿನಲ್ಲಿ 362 ಕಿ.ಮೀ.ಗೆ ಸುಮಾರು ಐದು ಗಂಟೆ. ಅಲ್ಲಿಂದ ಬಂಗಾಳ ಕೊಲ್ಲಿ ದಾಟಿ 2,900 ಕಿ.ಮೀ. ಹಾರಲು ಅದಕ್ಕಿಂತ ಕಡಿಮೆ ಹೊತ್ತು ಸಾಕು! ಚೆನ್ನೈ ಸೆಂಟ್ರಲ್‌ನಿಂದ ಏರ್‌ಪೋರ್ಟಿಗೆ ಮೆಟ್ರೋ ಇದೆ, ಆಟೋ ಹುಡುಕುವ ತಾಪತ್ರಯವಿಲ್ಲ. ಜೋಲಾರಪೇಟೆಯ ಬೆಟ್ಟ ನೋಡುತ್ತಾ ಹೋಗುವುದು ನನಗೆ ಇಷ್ಟವಾಯಿತು. ಆದರೆ ಸುಮ್ನೆ ದುಡ್ಡು ಉಳಿಯುತ್ತೆ ಅಂತ ಈ ದಾರಿ ಹಿಡಿಯಬೇಡಿ. ಶಾಲೆ ರಜೆಯಲ್ಲಿ ಬೆಂಗಳೂರಿನ ದರ ತೀರಾ ಏರಿದಾಗ ಮಾತ್ರ ನೋಡಿ. ರೈಲು ತಲುಪುವ ಹೊತ್ತಿಗೂ ವಿಮಾನ ಹೊರಡುವ ಹೊತ್ತಿಗೂ ನಡುವೆ ಕನಿಷ್ಠ ಆರು ಗಂಟೆ ಇಟ್ಟುಕೊಳ್ಳಿ.