ಪಾಸ್‌ವರ್ಡಲ್ಲಿದ್ದ ಒಂದು @ ಮತ್ತು ಲಿನಕ್ಸ್ ಪ್ರಾಕ್ಸಿಗೆ ನಾನು ನೋಡಿದ ನಾಲ್ಕು ದಾರಿ

ಮೊದ್ಲೇ ಹೇಳ್ಬಿಡ್ತೀನಿ, ನಾನು ಸಿಎನ್‌ಟಿಎಲ್‌ಎಮ್ (ನಮ್ಮ ಪರವಾಗಿ ಪ್ರಾಕ್ಸಿಗೆ ಲಾಗಿನ್ ಆಗೋ ಚಿಕ್ಕ ಪ್ರೋಗ್ರಾಂ) ಪಾರ್ಟಿ. ನಮ್ ಆಫೀಸ್ ಪ್ರಾಕ್ಸಿ, ಅಂದ್ರೆ ಇಂಟರ್ನೆಟ್‌ಗೆ ಹೋಗೋಕೆ ದಾಟ್ಲೇಬೇಕಾದ ಮಧ್ಯದ ಸರ್ವರ್, ಲಾಗಿನ್ ಕೇಳುತ್ತೆ, ಬೇಸಿಕ್ ಆಥ್ ಆದ್ರೂ ಸರಿ ಎನ್‌ಟಿಎಲ್‌ಎಮ್ ಆದ್ರೂ ಸರಿ (ಎರಡೂ ಲಾಗಿನ್ ಆಗೋ ರೀತಿಗಳು), ಆದ್ರೆ ಆರು ವಾರಕ್ಕೊಂದ್ಸಲ ಪಾಸ್‌ವರ್ಡ್ ಬದಲಾಯಿಸ್ಲೇಬೇಕು.

ಗ್ನೋಮ್ ಡೆಸ್ಕ್‌ಟಾಪ್ ಸೆಟ್ಟಿಂಗ್ಸಲ್ಲಿ ಪ್ರಾಕ್ಸಿ ಹಾಕೋದು ಫೈರ್‌ಫಾಕ್ಸ್‌ಗೆ ಸಾಕು. ಟರ್ಮಿನಲ್‌ನಲ್ಲಿ ಸುಡೊ ಆಪ್ಟ್ ಅಪ್‌ಡೇಟ್ (ಪ್ಯಾಕೇಜ್ ಪಟ್ಟಿ ತರೋ ಕಮಾಂಡ್) ಹೊಡೆದ್ರೆ ಅಲ್ಲೇ ನಿಂತ್ಕೊಳ್ಳುತ್ತೆ.

ಪ್ರಾಕ್ಸಿಚೈನ್ಸ್, ಅಂದ್ರೆ ಬೇರೆ ಪ್ರೋಗ್ರಾಂಗಳನ್ನ ಬಲವಂತವಾಗಿ ಪ್ರಾಕ್ಸಿ ಮೂಲಕ ಕಳಿಸೋ ಟೂಲ್: ಗೋ ಭಾಷೇಲಿ ಬರೆದ ಟೂಲ್‌ಗಳು ಅದನ್ನ ಕ್ಯಾರೇ ಅನ್ನಲ್ಲ. ಎರಡೇ ದಿನಕ್ಕೆ ತೆಗೆದೆ.

ಆಮೇಲೆ ಎಲ್ರೂ ಹೇಳೋ ದಾರಿ, ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದ್ರೆ ಪ್ರಾಕ್ಸಿ ವಿಳಾಸ, ಹೆಸರು, ಪಾಸ್‌ವರ್ಡ್ ಎಲ್ಲಾ ಒಂದೇ ಯುಆರ್‌ಎಲ್ ಆಗಿ ಶೆಲ್‌ನಲ್ಲಿ ಹಾಕೋದು. ನನ್ನ ಶನಿವಾರ ಪೂರ್ತಿ ತಿಂದಿದ್ದು ಇದೇ. ಪಾಸ್‌ವರ್ಡಲ್ಲಿ ಒಂದು @ ಇತ್ತು, ಯುಆರ್‌ಎಲ್ ಒಳಗೆ @ ಆದ್ಮೇಲೆ ಬರೋದು ಸರ್ವರ್ ಹೆಸರು ತಾನೇ, ಹಂಗಾಗಿ @ ಬದ್ಲು %40 ಬರೀಬೇಕು, ಅಷ್ಟು ಗೊತ್ತಿತ್ತು, ಬರೆದೆ, ಕರ್ಲ್ ಓಡ್ತು, ಗಿಟ್ ಓಡ್ತು, ಖುಷಿಯಾಗಿ ಕಾಫಿ ಕುಡಿದು ಬಂದು ಡಾಕರ್ ಪುಲ್ (ಡಾಕರ್ ಅಂದ್ರೆ ಪ್ರೋಗ್ರಾಂಗಳನ್ನ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸೋ ಟೂಲ್, ಪುಲ್ ಅಂದ್ರೆ ಅದಕ್ಕೆ ಬೇಕಾದ ಇಮೇಜ್ ಇಳಿಸೋದು) ಕೊಟ್ರೆ ಟೈಮ್‌ಔಟ್. ಡಾಕರ್ ಡೀಮನ್ (ಹಿನ್ನೆಲೆಯಲ್ಲಿ ಓಡೋ ಭಾಗ) ನಮ್ಮ ಶೆಲ್ ನೋಡಲ್ಲ, ಅದಕ್ಕೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನ ಶುರು ಮಾಡೋ ಪ್ರೋಗ್ರಾಂ) ಫೈಲಲ್ಲಿ ಬೇರೆ ಹಾಕ್ಬೇಕು ಅಂತ ಅದೇ ಸಾಲು ಕಾಪಿ ಮಾಡಿ ಹಾಕಿದೆ. ಮತ್ತೆ ಟೈಮ್‌ಔಟ್. ಪ್ರಾಕ್ಸಿಯಿಂದ 407 ಎರರ್ ಬಂದಿದ್ರೆ ಪಾಸ್‌ವರ್ಡ್ ತಪ್ಪು ಅಂತಾದ್ರೂ ಗೊತ್ತಾಗೋದು, ಅದೂ ಬರ್ಲಿಲ್ಲ! ಸಂಜೆ ಜರ್ನಲ್‌ಸಿಟಿಎಲ್‌ನಲ್ಲಿ ಲಾಗ್ ಕೆದಕಿದಾಗ ಸಿಕ್ತು: ಸಿಸ್ಟಮ್‌ಡಿಗೆ % ಅಂದ್ರೇ ಬೇರೆ ಅರ್ಥ, ಅಲ್ಲಿ %%40 ಅಂತ % ಎರಡು ಸಲ ಬರೀಬೇಕಂತೆ, ಇಲ್ಲಾಂದ್ರೆ ಆ ಸಾಲನ್ನೇ ಬಿಟ್ಟು ಮುಂದಕ್ಕೆ ಹೋಗುತ್ತೆ. ಅಂದ್ರೆ ಡಾಕರ್ ಅಷ್ಟೊತ್ತೂ ಪ್ರಾಕ್ಸಿ ಇಲ್ದೇನೇ ಹೊರಗೆ ಹೋಗೋಕೆ ನೋಡ್ತಿತ್ತು. ಸರಿ ಮಾಡಿದೆ. ಆರು ವಾರಕ್ಕೆ ಪಾಸ್‌ವರ್ಡ್ ಬದಲಾಯ್ತು, ಎಲ್ಲಾ ಕಡೆ ಮತ್ತೆ ತಿದ್ದು.

ಸಿಎನ್‌ಟಿಎಲ್‌ಎಮ್‌ನಲ್ಲಿ ಪಾಸ್‌ವರ್ಡ್ ಇರೋದು ಒಂದೇ ಫೈಲಲ್ಲಿ, ಅದೂ ಹ್ಯಾಶ್ (ಪಾಸ್‌ವರ್ಡಿಂದ ಲೆಕ್ಕ ಹಾಕಿದ ಸಂಕೇತ) ರೂಪದಲ್ಲಿ. ಅದು ನಮ್ಮ ಮೆಷಿನ್‌ನಲ್ಲೇ 3128 ಪೋರ್ಟಲ್ಲಿ ಕೂತು ಆಫೀಸ್ ಪ್ರಾಕ್ಸಿಗೆ ಲಾಗಿನ್ ಆಗೋ ಕೆಲಸ ನೋಡ್ಕೊಳ್ಳುತ್ತೆ, ಮಿಕ್ಕಿದ್ದೆಲ್ಲಕ್ಕೂ 127.0.0.1:3128 (127.0.0.1 ಅಂದ್ರೆ ಈ ಮೆಷಿನ್ನೇ) ಅಂತ ಒಂದೇ ಸಲ ಕೊಟ್ರಾಯ್ತು, @ ಇಲ್ಲ % ಇಲ್ಲ. ಈಗ ಪಾಸ್‌ವರ್ಡ್ ಬದಲಾದ್ರೆ ಹೊಸ ಹ್ಯಾಶ್ ಅಂಟಿಸಿ ರೀಸ್ಟಾರ್ಟ್ ಮಾಡ್ತೀನಿ, ಎರಡು ನಿಮಿಷ. ಒಂದೇ ಕಿರಿಕಿರಿ, ಕಂಟೇನರ್ ಒಳಗಿಂದ 127.0.0.1 ಅಂದ್ರೆ ಆ ಕಂಟೇನರೇ ಆಗ್ಬಿಡುತ್ತೆ, ಇಮೇಜ್ ಬಿಲ್ಡ್ ಮಾಡುವಾಗ ಡಾಕರ್ ಬ್ರಿಡ್ಜ್ ಐಪಿ (ಕಂಟೇನರ್‌ನಿಂದ ನಮ್ಮ ಮೆಷಿನ್ ತಲುಪೋ ವಿಳಾಸ) ಕೊಡ್ಬೇಕು, ಸಿಎನ್‌ಟಿಎಲ್‌ಎಮ್ ಕೂಡ ಆ ಐಪಿ ಮೇಲೆ ಕೇಳೋ ಹಂಗೆ ಮಾಡ್ಬೇಕು.

ನಿಮ್ಮ ಪ್ರಾಕ್ಸಿ ಲಾಗಿನ್ನೇ ಕೇಳಲ್ಲ ಅಂದ್ರೆ ಇದ್ಯಾವ್ದೂ ಬೇಡ, ವೇರಿಯಬಲ್ ಹಾಕಿ ಆರಾಮಾಗಿರಿ.