ಬಳಚಿನ ಕಿವಿರಿನ ಆಳದಲ್ಲಿ: ಸಿಮ್, ಸ್ಟೆಡ್, ಎಕ್ಸ್‌ಪ್ಯಾನ್ಶನ್

ಅಘನಾಶಿನಿ ಅಳಿವೆಯ ಬಳಚು (ಎರಡು ಚಿಪ್ಪಿನ ಜೀವಿ) ನೀರು ಸೋಸುವುದು ಕಿವಿರಿನ ಮೇಲಿನ ಸಿಲಿಯಾ ಎಂಬ ಸೂಕ್ಷ್ಮ ಕೂದಲುಗಳಿಂದ. ಒಂದೊಂದರ ದಪ್ಪ ಸುಮಾರು 250 ನ್ಯಾನೋಮೀಟರ್. ಇದಕ್ಕಿಂತ ಹತ್ತಿರವಿರುವ ಎರಡು ವಸ್ತುಗಳನ್ನು ಬೆಳಕಿನ ಮೈಕ್ರೋಸ್ಕೋಪ್ ಬಿಡಿಯಾಗಿ ತೋರಿಸಲಾರದು ಎಂದು ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಹೇಳಿದ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಮಾಮೂಲಿ ಕಾನ್‌ಫೋಕಲ್‌ನಲ್ಲಿ (ಲೇಸರ್ ಹಾಯಿಸಿ ಪದರ ಪದರವಾಗಿ ನೋಡುವ ಮೈಕ್ರೋಸ್ಕೋಪ್) ಒತ್ತೊತ್ತಾಗಿ ನಿಂತ ಸಿಲಿಯಾಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಈ ಮಿತಿಯನ್ನು ದಾಟುವ ಮೂರು ವಿಧಾನಗಳು ಸಿಮ್, ಸ್ಟೆಡ್, ಎಕ್ಸ್‌ಪ್ಯಾನ್ಶನ್. ಕಾರವಾರದಲ್ಲಿ ಕಿವಿರನ್ನು ರಾಸಾಯನಿಕದಲ್ಲಿ ಕೆಡದಂತೆ ಫಿಕ್ಸ್ ಮಾಡಿ, ಸಿಲಿಯಾದ ಟ್ಯೂಬುಲಿನ್ ಪ್ರೊಟೀನಿಗೆ ಅಂಟಿ ಹೊಳೆಯುವ ಬಣ್ಣ ಕೊಡುವ ಆಂಟಿಬಾಡಿ ಹಚ್ಚಿ, ಬೆಂಗಳೂರಿಗೆ ಒಯ್ದು ಮೂರರಲ್ಲೂ ನೋಡಿದ್ದೇನೆ. ಮೇಲ್ಮೈಯಲ್ಲಿ ಮೂರೂ ಚೆನ್ನಾಗಿವೆ. ನನಗೆ ಬೇಕಿದ್ದದ್ದು ಸ್ಯಾಂಪಲ್ ಮುಚ್ಚುವ ತೆಳು ಗಾಜಾದ ಕವರ್‌ಸ್ಲಿಪ್‌ನಿಂದ 30-40 ಮೈಕ್ರಾನ್ ಒಳಗಿನ ಚಿತ್ರ. ಅಲ್ಲಿ ಲೆಕ್ಕವೇ ಬೇರೆ.

ಸಿಮ್ (ಸ್ಟ್ರಕ್ಚರ್ಡ್ ಇಲ್ಯುಮಿನೇಶನ್ ಮೈಕ್ರೋಸ್ಕೋಪಿ) ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಟ್ಟೆಪಟ್ಟೆ ಬೆಳಕು ಹಾಯಿಸಿ ತೆಗೆದ ಹಲವು ಚಿತ್ರಗಳಿಂದ ಕಂಪ್ಯೂಟರ್ ರೆಸಲ್ಯೂಶನ್ ಅನ್ನು, ಅಂದರೆ ಬಿಡಿಸಿ ತೋರಿಸುವ ಸಾಮರ್ಥ್ಯವನ್ನು, ದುಪ್ಪಟ್ಟು ಮಾಡುತ್ತದೆ. 120 ನ್ಯಾನೋಮೀಟರ್ ಹತ್ತಿರ ಸಿಗುತ್ತದೆ. ಆಳಕ್ಕೆ ಇಳಿದಂತೆ ಫೋಕಸ್‌ನಾಚೆಯ ಬೆಳಕು ತುಂಬಿಕೊಂಡು ಪಟ್ಟೆಗಳು ಮಾಸುತ್ತವೆ. ಆಗ ಕಂಪ್ಯೂಟರ್ ನಾಯ್ಸ್ ಅನ್ನೇ ಹೆಣೆದು ಜೇನುಗೂಡಿನಂಥ ಬಲೆ ಬಿಡಿಸಿಡುತ್ತದೆ. ಮಸುಕು ಚಿತ್ರವಾದರೆ ಮಸುಕೆಂದು ಗೊತ್ತಾಗುತ್ತದೆ. ಈ ಬಲೆ ಅಂಗಾಂಶದ್ದೇ ರಚನೆ ಎಂದು ನಂಬಿಸಿಬಿಡುತ್ತದೆ. ಹತ್ತು ಮೈಕ್ರಾನ್ ದಾಟಿದ ಮೇಲೆ ಸಿಮ್ ಚಿತ್ರವನ್ನು ನಾನು ನೆಚ್ಚುವುದಿಲ್ಲ.

ಸ್ಟೆಡ್‌ನ (ಸ್ಟಿಮ್ಯುಲೇಟೆಡ್ ಎಮಿಶನ್ ಡಿಪ್ಲೀಶನ್) ಶಕ್ತಿ ನಿಜಕ್ಕೂ ದೊಡ್ಡದು. 1994ರಲ್ಲಿ ಸ್ಟೆಫಾನ್ ಹೆಲ್ ಮುಂದಿಟ್ಟ ಈ ವಿಚಾರಕ್ಕೆ 2014ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೊದಲ ಲೇಸರ್ ಬಣ್ಣವನ್ನು ಹೊಳೆಯಿಸುತ್ತದೆ, ಬಳೆಯಾಕಾರದ ಎರಡನೇ ಲೇಸರ್ ಸುತ್ತಲಿನ ಹೊಳಪನ್ನು ಆರಿಸುತ್ತದೆ, ಆ ಬಳೆಯ ನಡುವೆ ಎರಡನೇ ಲೇಸರ್ ಬೀಳದ ಕತ್ತಲ ಬಿಂದುವಿನಲ್ಲಿ ಮಾತ್ರ ಹೊಳಪು ಉಳಿಯುತ್ತದೆ. ಎಲ್ಲವೂ ನಿಂತಿರುವುದು ಆ ಬಿಂದು ಪೂರ್ತಿ ಕತ್ತಲಾಗಿರುವುದರ ಮೇಲೆ. ಎಣ್ಣೆ ಲೆನ್ಸ್‌ಗೂ ಗಾಜಿಗೂ ನಡುವೆ ಹಾಕುವ ಎಣ್ಣೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) 1.52, ಅಂಗಾಂಶದ್ದು 1.38ರ ಆಸುಪಾಸು. ಈ ವ್ಯತ್ಯಾಸದಿಂದ ಕಿರಣಗಳು ಒಂದೇ ಕಡೆ ಕೂಡುವುದಿಲ್ಲ, ನಡುವಿನ ಕತ್ತಲಿಗೂ ಬೆಳಕು ಸೋರುತ್ತದೆ. ಚಿತ್ರ ಚೂಪಾಗುವ ಬದಲು ಕಪ್ಪಾಗುತ್ತದೆ.

ಸ್ಯಾಂಪಲ್ಲನ್ನು ಗ್ಲಿಸರಾಲ್‌ನಲ್ಲಿಟ್ಟು ಗ್ಲಿಸರಾಲ್ ಲೆನ್ಸ್ ಹಾಕಿದಾಗ ಅದೇ ಯಂತ್ರ ಬೇರೆಯೇ ಆಯಿತು. ಫೋಕಸ್ ದೋಷ ಸರಿಪಡಿಸುವ ಲೆನ್ಸ್‌ನ ಬಳೆಯಾದ ಕರೆಕ್ಷನ್ ಕಾಲರನ್ನು ಕೂದಲೆಳೆಯಷ್ಟು ತಿರುಗಿಸುವುದು, ಪರದೆಯ ಮೇಲಿನ ಹೊಳಪು ಏರಿ ಮತ್ತೆ ಇಳಿಯತೊಡಗುವ ತನಕ ಕಾಯುವುದು, ಒಂದಿಷ್ಟು ಹಿಂದಕ್ಕೆ ತರುವುದು. ಆಳ ಬದಲಾದಾಗಲೆಲ್ಲ ಇದೇ ಕೆಲಸ. ಆಕಾರ ಬದಲಿಸುವ ಕನ್ನಡಿಯಿಂದ ಇದನ್ನು ತಾನಾಗಿ ಮಾಡಿಸುವ ಅಡಾಪ್ಟಿವ್ ಆಪ್ಟಿಕ್ಸ್ ಇದೆ, ನನಗೆ ಸಿಕ್ಕ ಯಂತ್ರದಲ್ಲಿ ಇರಲಿಲ್ಲ. 30 ಮೈಕ್ರಾನ್ ಆಳದಲ್ಲೂ ಸಿಲಿಯಾ ಬಿಡಿಬಿಡಿಯಾಗಿ ಕಂಡವು. ಆದರೆ ಪದರದ ಮೇಲೆ ಪದರ ಸ್ಕ್ಯಾನ್ ಮಾಡುವಷ್ಟರಲ್ಲಿ ಬಣ್ಣವೇ ಸುಟ್ಟುಹೋಗುತ್ತದೆ.

ಮೂರನೆಯದು ಎಂಐಟಿಯ ಎಡ್ ಬಾಯ್ಡನ್ ತಂಡ 2015ರಲ್ಲಿ ಪ್ರಕಟಿಸಿದ ಎಕ್ಸ್‌ಪ್ಯಾನ್ಶನ್. ಇಲ್ಲಿ ಬದಲಾಗುವುದು ಸ್ಯಾಂಪಲ್, ಮೈಕ್ರೋಸ್ಕೋಪ್ ಅಲ್ಲ. ಸೋಡಿಯಂ ಅಕ್ರಿಲೇಟ್ ಜೆಲ್ಲನ್ನು ಅಂಗಾಂಶದೊಳಗೇ ಬೆಳೆಸಿ, ಪ್ರೊಟೀನುಗಳನ್ನು ಕಿಣ್ವದಿಂದ ಸಡಿಲಿಸಿ, ಶುದ್ಧ ನೀರಿಗೆ ಹಾಕಿದರೆ ಎಲ್ಲ ದಿಕ್ಕಿಗೂ ಸುಮಾರು ನಾಲ್ಕೂವರೆ ಪಟ್ಟು ಹಿಗ್ಗುತ್ತದೆ. ಮಾಮೂಲಿ ಕಾನ್‌ಫೋಕಲ್‌ನಲ್ಲೇ 70 ನ್ಯಾನೋಮೀಟರ್ ಸಿಗುತ್ತದೆ. ದಪ್ಪ ಸ್ಯಾಂಪಲ್‌ಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಹಿಗ್ಗಿದ ಜೆಲ್ ಬಹುಪಾಲು ನೀರೇ. ನೀರಿನ ಲೆನ್ಸ್ ಹಾಕಿದರೆ ಸೂಚ್ಯಂಕದ ಜಗಳವೇ ಇಲ್ಲ. ಕಿವಿರು ಗಾಜಿನಷ್ಟು ತಿಳಿಯಾಗುತ್ತದೆ.

ಕಾರವಾರದ ಸೆಕೆಯಲ್ಲಿ ಜೆಲ್ ದ್ರಾವಣ ಒಳಕ್ಕೆ ಇಳಿಯುವ ಮೊದಲೇ ಗಟ್ಟಿಯಾಗಲು ಹವಣಿಸುತ್ತದೆ. ಮಂಜುಗಡ್ಡೆಯ ಮೇಲಿಟ್ಟೇ ನೆನೆಸಬೇಕು, ಗಟ್ಟಿಯಾಗುವುದನ್ನು ತಡೆಯುವ ಟೆಂಪೊ ರಾಸಾಯನಿಕವನ್ನೂ ಸೇರಿಸಬೇಕು. ಅಕ್ರಿಲೇಟ್ ದ್ರಾವಣ ಹಳದಿಗೆ ತಿರುಗಿದ್ದರೆ ಆ ಬಾಟಲಿ ಬೇಡ. ನಷ್ಟಗಳೂ ಇವೆ. ಬಣ್ಣದ ಅಣುಗಳು ಸುಮಾರು 90 ಪಟ್ಟು ವಿರಳವಾಗುತ್ತವೆ. 50 ಮೈಕ್ರಾನ್ ಅಂಗಾಂಶ 200 ಮೈಕ್ರಾನ್ ದಾಟುವುದರಿಂದ ಲೆನ್ಸ್‌ನ ವರ್ಕಿಂಗ್ ಡಿಸ್ಟೆನ್ಸ್ (ಲೆನ್ಸ್ ಎಷ್ಟು ದೂರದವರೆಗೆ ಫೋಕಸ್ ಮಾಡಬಲ್ಲದು) ಮೊದಲೇ ನೋಡಿಕೊಳ್ಳಬೇಕು. ಸಿಲಿಯದೊಳಗಿನ ಒಂಬತ್ತು ಜೋಡಿ ಮೈಕ್ರೋಟ್ಯೂಬುಲ್‌ಗಳು (ಟ್ಯೂಬುಲಿನ್‌ನ ಸೂಕ್ಷ್ಮ ನಳಿಕೆಗಳು) 70 ನ್ಯಾನೋಮೀಟರ್‌ಗೂ ಬಿಡಿಯಾಗುವುದಿಲ್ಲ.

ಹಾಗಿದ್ದರೂ ಫಿಕ್ಸ್ ಮಾಡಿದ ದಪ್ಪ ಅಂಗಾಂಶಕ್ಕೆ ನನ್ನ ಆಯ್ಕೆ ಎಕ್ಸ್‌ಪ್ಯಾನ್ಶನ್ನೇ. ಅದರ ಸಾಮಗ್ರಿ ಕರಾವಳಿಯ ಸಣ್ಣ ಲ್ಯಾಬಿಗೂ ಎಟಕುತ್ತದೆ, ಒಂದು ಸಾಧಾರಣ ಕಾನ್‌ಫೋಕಲ್ ಸಿಕ್ಕರೆ ಸಾಕು. ಜೀವಂತ ಕಿವಿರನ್ನು ನೋಡಬೇಕೆಂದರೆ ಜೆಲ್ ದಾರಿ ಮುಚ್ಚಿದಂತೆಯೇ. ಅಲ್ಲಿ ಸ್ಟೆಡ್‌ಗೇ ಹೋಗಬೇಕು, ಯಂತ್ರ ಬುಕ್ ಮಾಡುವ ಮೊದಲು ಸ್ಯಾಂಪಲ್‌ಗೆ ಹೊಂದುವ ನೀರಿನ ಲೆನ್ಸ್ ಇದೆಯೇ ಎಂದು ಕೇಳಬೇಕು.