ಕಾಲಾ, ದರ್ಬಾರ್, ಜೈಲರ್, ಕೂಲಿ: ರಜನಿಯ ಈಚಿನ ಪಾತ್ರಗಳಲ್ಲಿ ಯಾವುದು ನಿಂತಿತು, ಯಾವುದು ಸೋತಿತು

ರಜನಿಕಾಂತ್ ಹುಟ್ಟಿದ್ದು 1950ರ ಡಿಸೆಂಬರ್ 12ರಂದು, ಬೆಂಗಳೂರಿನಲ್ಲಿ. ಈ ತಾರೀಖು ನೆನಪಿಟ್ಟುಕೊಂಡು 2016ರಿಂದೀಚಿನ ಚಿತ್ರಗಳನ್ನು ಮತ್ತೆ ನೋಡಿದರೆ ಅವು ತಾವಾಗಿಯೇ ಎರಡು ಗುಂಪಾಗುತ್ತವೆ. ಕೆಲವು ಕಥೆಗಳು ಅವರ ವಯಸ್ಸನ್ನು ಬಳಸಿಕೊಂಡಿವೆ, ಕೆಲವು ಮುಚ್ಚಿಟ್ಟಿವೆ. ಬಾಷಾ ಕಾಲದಿಂದ ಶಿಳ್ಳೆ ಹೊಡೆದವರಿಗೆ ಬೇಸರವಾಗಿರುವುದು ಎರಡನೆಯ ಗುಂಪಿನಿಂದ.

ಮೊದಲು ಕಾಲಾ (2018) ಮತ್ತು ದರ್ಬಾರ್ (2020). ಎರಡರಲ್ಲೂ ಮುಂಬೈ, ಎರಡರಲ್ಲೂ ಅಪ್ಪನ ಪಾತ್ರ, ನಡುವೆ ಎರಡು ವರ್ಷವೂ ಇಲ್ಲ. ಪಾ. ರಂಜಿತ್ ನಿರ್ದೇಶನದ ಕಾಲಾದಲ್ಲಿ ಧಾರಾವಿಯ ಗಲ್ಲಿಯಲ್ಲಿ ಮಕ್ಕಳ ಜೊತೆ ಕ್ರಿಕೆಟ್ ಆಡುತ್ತಾ ನಾಯಕ ಬೌಲ್ಡ್ ಆಗುತ್ತಾನೆ. ಸೂಪರ್‌ಸ್ಟಾರ್‌ಗೆ ಅಂಥ ಎಂಟ್ರಿ ಬರೆಯುವುದಕ್ಕೆ ಎದೆಗಾರಿಕೆ ಬೇಕು. ಅಲ್ಲಿಂದ ಮುಂದೆ ಕರಿಕಾಲನ್ ಮೊಮ್ಮಕ್ಕಳಿರುವ ಮನೆಯ ಯಜಮಾನ. ಹೆಂಡತಿ ಸೆಲ್ವಿಯಾಗಿ ಈಶ್ವರಿ ರಾವ್ ಬೈದರೆ ಬೈಸಿಕೊಂಡು ನಗುತ್ತಾನೆ, ಹಳೆಯ ಪ್ರೇಯಸಿ ಜರೀನಾ ಎದುರು ಬಂದಾಗ ಮಾತು ಹುಡುಕುತ್ತಾನೆ. ನಾನಾ ಪಾಟೇಕರ್ ಜೊತೆಗಿನ ಮುಖಾಮುಖಿಯಲ್ಲಿ ಇಬ್ಬರೂ ಕೂಗಾಡುವುದಿಲ್ಲ, ಕೂತೇ ಮಾತಾಡುತ್ತಾರೆ. ಬಿಸಿ ಏರುವುದು ಅದರಿಂದಲೇ. ಹೊಡೆದಾಟಕ್ಕೂ ಕೈಗೆ ಕೊಟ್ಟಿರುವುದು ಕೊಡೆ. ವಯಸ್ಸಾದವನ ಕೈಯಲ್ಲಿ ಇರಬಹುದಾದ ವಸ್ತು. ರಜನಿಯ ಕಾವೇರಿ ಹೇಳಿಕೆಯ ಗಲಾಟೆಯಿಂದ ಕರ್ನಾಟಕದಲ್ಲಿ ಬಿಡುಗಡೆಗೆ ವಿರೋಧ ಬಂದಿದ್ದರಿಂದ ನಮ್ಮಲ್ಲಿ ಅನೇಕರು ನೋಡದೆ ಬಿಟ್ಟ ಚಿತ್ರ ಇದು. ಈಗಲಾದರೂ ನೋಡಬೇಕು.

ದರ್ಬಾರ್‌ನ ಆದಿತ್ಯ ಅರುಣಾಚಲಂ ಪೊಲೀಸ್ ಕಮಿಷನರ್. ಐಪಿಎಸ್ ಅಧಿಕಾರಿ 60ಕ್ಕೆ ನಿವೃತ್ತ. ಬಿಡುಗಡೆಯ ಹೊತ್ತಿಗೆ ರಜನಿಗೆ 69. ಜೋಡಿಯಾಗಿ ನಯನತಾರಾ, 34 ವರ್ಷ ಚಿಕ್ಕವರು. ಇಷ್ಟನ್ನೂ ನುಂಗಿಕೊಳ್ಳಬಹುದಿತ್ತು. ನಿವೇದಾ ಥಾಮಸ್ ಮಾಡಿರುವ ಮಗಳ ಸಾವಿನ ದೃಶ್ಯಗಳಲ್ಲಿ ಕುಸಿದ ಅಪ್ಪನೊಬ್ಬ ನಿಜವಾಗಿಯೂ ಕಾಣಿಸಿಕೊಳ್ಳುತ್ತಾನೆ. ಅವನನ್ನು ಇನ್ನೊಂದಿಷ್ಟು ಹೊತ್ತು ತೋರಿಸಿದ್ದರೆ ಚಿತ್ರ ಉಳಿಯುತ್ತಿತ್ತು. ಅಷ್ಟರಲ್ಲೇ ಜಿಮ್ ಬರುತ್ತದೆ, ಕಸರತ್ತು ಬರುತ್ತದೆ, ದುಃಖ ಬೆವರಾಗಿ ಹರಿದುಹೋಗುತ್ತದೆ.

ವಯಸ್ಸು ಮುಚ್ಚಿಡುವ ಇಂಥ ಚಿತ್ರಗಳ ಫೈಟುಗಳು ಯಾಕೆ ಸೋಲುತ್ತವೆ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮ್ಯೂಟ್ ಮಾಡಿ ನೋಡಿ. ಮುಖದ ಕ್ಲೋಸಪ್, ಕಟ್, ಬೆನ್ನ ಹಿಂದಿನಿಂದ ಒಂದು ಶಾಟ್, ಕಟ್, ಹಾರಿ ಬೀಳುವ ಖಳ. ಪೆಟ್ಟು ಮತ್ತು ಮುಖ ಒಂದೇ ಶಾಟ್‌ನಲ್ಲಿ ಸಿಗುವುದು ಅಪರೂಪ. ಹಿನ್ನೆಲೆ ಸಂಗೀತ ಇರುವಾಗ ಈ ಹೊಲಿಗೆ ಕಣ್ಣಿಗೆ ಬೀಳುವುದಿಲ್ಲ, ಆದರೆ ಮನಸ್ಸಿಗೆ ಏನೋ ತಪ್ಪಿದೆ ಅನ್ನಿಸುತ್ತಿರುತ್ತದೆ.

ನೆಲ್ಸನ್ ಅವರ ಜೈಲರ್ (2023) ಇದಕ್ಕೆ ಸರಿಯಾದ ಉಪಾಯ ಹುಡುಕಿತು. ಮುತ್ತುವೇಲ್ ಪಾಂಡಿಯನ್ ನಿವೃತ್ತ. ಮೊಮ್ಮಗನ ಯೂಟ್ಯೂಬ್ ವಿಡಿಯೊಗೆ ಸಹಾಯ ಮಾಡಿಕೊಂಡಿರುವ, ಮನೆಯಲ್ಲಿ ಯಾರೂ ಲೆಕ್ಕಕ್ಕಿಡದ ತಾತ. ಹೆಂಡತಿಯಾಗಿ ರಮ್ಯಾ ಕೃಷ್ಣ. ಮನೆಗೆ ರೌಡಿಗಳು ನುಗ್ಗಿದಾಗ ಅವನು ಅಲುಗಾಡುವುದೇ ಇಲ್ಲ, ದೂರದಲ್ಲಿ ಅಡಗಿರುವ ಗುರಿಕಾರರು ಕೆಲಸ ಮುಗಿಸುತ್ತಾರೆ. ನಿಂತಲ್ಲೇ ನಿಂತು ಹೆದರಿಸುವ ಈ ಲೆಕ್ಕದಲ್ಲಿ ರಜನಿಗೆ ಬೇಕಾದದ್ದು ಕಣ್ಣು ಮತ್ತು ದನಿ ಮಾತ್ರ. ಎರಡೂ ಇನ್ನೂ ಹರಿತವಾಗಿವೆ. ನರಸಿಂಹನಾಗಿ ನಮ್ಮ ಶಿವಣ್ಣನದೂ ಇದೇ ಲೆಕ್ಕ. ಒಂದು ನೋಟ, ನಿಧಾನ ನಡಿಗೆ, ಅಷ್ಟಕ್ಕೇ ಥಿಯೇಟರ್ ಎದ್ದು ನಿಂತಿತು. ಇಂಟರ್ವಲ್ ಆದಮೇಲೆ ಕಿರೀಟ ಕದಿಯುವ ಪ್ರಸಂಗದಲ್ಲಿ ಸಿನಿಮಾ ಎಳೆಯುತ್ತದೆ, ನಿಜ. ಆದರೂ ಕೊನೆಯಲ್ಲಿ ಮಗನ ವಿಷಯದಲ್ಲಿ ಅಪ್ಪ ತೆಗೆದುಕೊಳ್ಳುವ ನಿರ್ಧಾರ ಇಡೀ ಚಿತ್ರವನ್ನು ಮತ್ತೆ ಮನೆಯೊಳಕ್ಕೆ ತರುತ್ತದೆ.

ಇದರ ಪಕ್ಕದಲ್ಲಿ ಅಣ್ಣಾತ್ತೆ (2021) ಇಟ್ಟರೆ ಹೇಳಲು ಹೆಚ್ಚೇನಿಲ್ಲ. ತಂಗಿ ಕೀರ್ತಿ ಸುರೇಶ್. ಆಕೆಯ ತಾಯಿ ಮೇನಕಾ 1981ರಲ್ಲೇ ರಜನಿ ಜೊತೆ ನೆಟ್ರಿಕಣ್ ಚಿತ್ರದಲ್ಲಿ ನಟಿಸಿದ್ದರು. ತಂಗಿಯನ್ನು ಮಗಳೋ ಮೊಮ್ಮಗಳೋ ಮಾಡಿದ್ದರೆ ಅದೇ ಕಥೆ ನಡೆಯುತ್ತಿತ್ತು, ಕಣ್ಣೀರೂ ನಂಬುವಂತಿರುತ್ತಿತ್ತು.

ವೇಟ್ಟೈಯನ್ (2024) ಅರ್ಧಕ್ಕೆ ನಿಂತ ಪ್ರಯತ್ನ. ಎನ್‌ಕೌಂಟರ್ ಮಾಡಿದ ಮೇಲೆ ಸತ್ತವನು ನಿರಪರಾಧಿ ಎಂದು ಅಧಿಕಾರಿಗೆ ತಿಳಿಯುತ್ತದೆ. ಇಂಥ ಪಶ್ಚಾತ್ತಾಪ 73ರ ನಟನಿಗೆ ಹೇಳಿಮಾಡಿಸಿದ್ದು. ಅಮಿತಾಭ್ ಬಚ್ಚನ್ ಎದುರಿಗಿನ ಮಾತುಕತೆಯಲ್ಲಿ ಅದರ ಭಾರ ಗೊತ್ತಾಗುತ್ತದೆ. ನಿರ್ದೇಶಕ ಜ್ಞಾನವೇಲ್ ಎಲ್ಲಿ ಕಥೆ ಹೇಳುತ್ತಾರೋ ಅಲ್ಲಿ ಚಿತ್ರ ಗಟ್ಟಿ. ಅಭಿಮಾನಿಗಳಿಗೆಂದು ಹಾಡು, ಬಿಲ್ಡಪ್ ಸೇರಿಸಿದ ಕಡೆಯೆಲ್ಲ ಅದೇ ಅಧಿಕಾರಿ ತನ್ನ ತಪ್ಪನ್ನೇ ಮರೆತಂತೆ ನಡೆದುಕೊಳ್ಳುತ್ತಾನೆ.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು ಕೂಲಿ (2025). ಲೋಕೇಶ್ ಕನಗರಾಜ್ ಕೈಗೆ ಸಿಕ್ಕಿದ್ದು ಒಳ್ಳೆಯ ಎಳೆ: ದೇವ ಎಂಬ ಹಳೆಯ ಕೂಲಿಯಾಳು (ರಜನಿ), ಸತ್ತ ಗೆಳೆಯ, ಸಾವಿನ ಕಾರಣದ ಹುಡುಕಾಟ. ಗೆಳೆಯನಾಗಿ ಸತ್ಯರಾಜ್, 1986ರ ಮಿಸ್ಟರ್ ಭಾರತ್ ನಂತರ ಇಬ್ಬರೂ ಮತ್ತೆ ಒಂದಾದ ಚಿತ್ರ. ಇಬ್ಬರು ಮುದುಕರ ಸ್ನೇಹವನ್ನೇ ಹಿಡಿದು ಹೋಗಬಹುದಿತ್ತು. ಬದಲಿಗೆ ನಾಗಾರ್ಜುನ, ಉಪೇಂದ್ರ, ಆಮೀರ್ ಖಾನ್ ಸಾಲಾಗಿ ಬರುತ್ತಾರೆ, ಒಬ್ಬೊಬ್ಬರ ಎಂಟ್ರಿಗೂ ಕಥೆ ನಿಂತು ಸಲಾಂ ಹೊಡೆಯುತ್ತದೆ. ರಚಿತಾ ರಾಮ್‌ಗೆ ಮಾತ್ರ ನಿಜವಾದ ತಿರುವುಗಳಿರುವ ಪಾತ್ರ ಸಿಕ್ಕಿದೆ, ಅವರು ಬಿಟ್ಟುಕೊಟ್ಟಿಲ್ಲ. ಜೋರು ಶಿಳ್ಳೆ ಸಿಕ್ಕಿದ್ದು ತಂತ್ರಜ್ಞಾನದಿಂದ ಯೌವನ ಬರಿಸಿದ ಫ್ಲ್ಯಾಶ್‌ಬ್ಯಾಕಿಗೆ. ಇದು ಯೋಚಿಸಬೇಕಾದ ಮಾತು: ಎದುರಿಗಿರುವ ದೇವನಿಗಿಂತ ಕಂಪ್ಯೂಟರ್ ಮಾಡಿದ ದೇವನಿಗೆ ಹೆಚ್ಚು ಚಪ್ಪಾಳೆ ಬೀಳುವಂತೆ ಬರೆದರೆ, ಪಾತ್ರದ ಬುನಾದಿಯಲ್ಲೇ ದೋಷವಿದೆ.

ರಜನಿಗಿಂತ ಒಂದು ವರ್ಷವೂ ಚಿಕ್ಕವರಲ್ಲದ ಮಮ್ಮುಟ್ಟಿ 2023ರಲ್ಲಿ ಕಾದಲ್, 2024ರಲ್ಲಿ ಭ್ರಮಯುಗಂ ಮಾಡಿದರು. ಎರಡರಲ್ಲೂ ಹೀರೊ ಪಟ್ಟ ಪಕ್ಕಕ್ಕಿಟ್ಟು. ರಜನಿಯ ಮಾರುಕಟ್ಟೆ ಬೇರೆ, ಬಜೆಟ್ ಬೇರೆ, ಹಾಗಾಗಿ ಅಷ್ಟನ್ನೇ ಕೇಳುವುದು ನ್ಯಾಯವಲ್ಲ. ಆದರೆ ಪುಟ್ಟಣ್ಣನವರ ಕಥಾಸಂಗಮದಲ್ಲಿ, ಮಹೇಂದ್ರನ್ ಅವರ ಮುಳ್ಳುಂ ಮಲರುಂನಲ್ಲಿ (1978) ಕಂಡ ನಟ ಇನ್ನೂ ಒಳಗಿದ್ದಾನೆ ಎಂಬುದಕ್ಕೆ ಕಾಲಾ ಸಾಕ್ಷಿ ಇದೆ.

ಸಮಯ ಕಡಿಮೆ ಇರುವವರು ಕಾಲಾ ಪೂರ್ತಿ, ಜೈಲರ್ ಇಂಟರ್ವಲ್‌ವರೆಗೆ ಮತ್ತು ಕೊನೆಯ ಭಾಗ, ಕಬಾಲಿಯಲ್ಲಿ (2016) ಹೆಂಡತಿಯನ್ನು ಹುಡುಕಿಕೊಂಡು ಪುದುಚೇರಿಗೆ ಹೋಗುವ ಭಾಗ ನೋಡಿದರೆ ಸಾಕು. ಡಬ್ಬಿಂಗ್‌ನಲ್ಲಿ ನೋಡಬೇಡಿ. ರಜನಿಯ ದನಿ ತೆಗೆದರೆ ಈ ಪಾತ್ರಗಳಲ್ಲಿ ಉಳಿಯುವುದು ಅರ್ಧವೇ. ತಮಿಳಿನಲ್ಲೇ ಹಾಕಿ, ಅರ್ಥವಾಗದ ಕಡೆ ಸಬ್‌ಟೈಟಲ್ ನೋಡಿಕೊಳ್ಳಿ.